ಜರಿಯುವ ಗುಡ್ಡ, ಬಿಡುಗಡೆಯಾದ ನಕ್ಷೆ

ಗಢವಾಲದ ಬಿರಹಿ ಗಂಗಾ ಕಣಿವೆಯಲ್ಲಿ 1893ರ ಸೆಪ್ಟೆಂಬರಿನಲ್ಲಿ ಒಂದು ಬೆಟ್ಟದ ಪಕ್ಕೆಯೇ ಕಳಚಿ ನದಿಗೆ ಬಿತ್ತು. ಗೋಹ್ನಾ ಎಂಬ ಹಳ್ಳಿಯ ಬಳಿ ಬಿದ್ದ ಆ ಕಲ್ಲುಮಣ್ಣಿನ ರಾಶಿ ಸುಮಾರು 900 ಅಡಿ ಎತ್ತರದ ಅಣೆಕಟ್ಟಿನಂತೆ ನಿಂತುಬಿಟ್ಟಿತು. ಅದರ ಹಿಂದೆ ನೀರು ದಿನದಿನಕ್ಕೂ ಏರತೊಡಗಿತು. ಇದು ಒಂದಲ್ಲ ಒಂದು ದಿನ ಒಡೆಯುವುದು ಖಂಡಿತ. ಒಡೆದರೆ ಶ್ರೀನಗರದಿಂದ ಹರಿದ್ವಾರದವರೆಗೆ ನದಿಯ ದಂಡೆಯಲ್ಲಿ ಏನೂ ಉಳಿಯದು. ಆಗ ಸರ್ಕಾರದ ಅಧಿಕಾರಿಗಳು ಮಾಡಿದ ಕೆಲಸ ಇಂದಿಗೂ ಮನನಯೋಗ್ಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಹಾಲೆಂಡ್ ಎಂಬ ಭೂವಿಜ್ಞಾನಿ ಸ್ಥಳಕ್ಕೆ ಹೋಗಿ ಕಣಿವೆಯನ್ನು ಅಳೆದು, ನೀರು ಏರುವ ವೇಗವನ್ನು ಲೆಕ್ಕಹಾಕಿ, ಮುಂದಿನ ವರ್ಷದ ಆಗಸ್ಟ್ ನಡುಭಾಗದ ಹೊತ್ತಿಗೆ ಸರೋವರ ತುಂಬಿ ಹರಿಯುವುದೆಂದು ಹೇಳಿದರು. ಸರೋವರದಿಂದ ಕೆಳಗಿನ ಊರುಗಳಿಗೆ ತಂತಿ ಎಳೆಯಲಾಯಿತು. ತೂಗುಸೇತುವೆಗಳನ್ನು ಬಿಚ್ಚಿಡಲಾಯಿತು. ಪ್ರವಾಹ ಎಲ್ಲಿಯವರೆಗೆ ಏರಬಹುದು ಎಂಬುದನ್ನು ತೋರಿಸುವ ಕಂಬಗಳನ್ನು ಇಳಿಜಾರುಗಳಲ್ಲಿ ನೆಡಲಾಯಿತು. 1894ರ ಆಗಸ್ಟ್ 25ರ ರಾತ್ರಿ ಕಟ್ಟೆ ಒಡೆಯಿತು. ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಆದರೆ ಸತ್ತವರು ಐವರೇ. ಎಚ್ಚರಿಸಿ ಹೊರಗೆ ಕಳಿಸಿದ ಮೇಲೂ ಹಿಂದಿರುಗಿ ಬಂದಿದ್ದ ಒಬ್ಬ ಫಕೀರ ಮತ್ತು ಆತನ ಕುಟುಂಬದವರು ಅವರು.

ಆ ಕಂಬಗಳನ್ನು ಕಾಗದದ ಬದಲು ನೆಲದ ಮೇಲೆಯೇ ಬರೆದ ನಕ್ಷೆ ಎನ್ನಬಹುದು. ಇಲ್ಲಿಂದ ಕೆಳಗೆ ಅಪಾಯ, ಇಲ್ಲಿಂದ ಮೇಲೆ ಕ್ಷೇಮ ಎಂಬ ಒಂದೇ ಗೆರೆ. ಓದು ಬಾರದ ಹಳ್ಳಿಗನಿಗೂ ಅದು ಅರ್ಥವಾಗುತ್ತಿತ್ತು.

ಗುಡ್ಡ ಕುಸಿತದ ಅಪಾಯವನ್ನು ನಕ್ಷೆಯಲ್ಲಿ ಗುರುತಿಸುವ ವಿದ್ಯೆ ಆಮೇಲಿನ ಒಂದೂಕಾಲು ಶತಮಾನದಲ್ಲಿ ಬಹುದೂರ ಸಾಗಿದೆ. ತಂತಿಯ ಜಾಗಕ್ಕೆ ಉಪಗ್ರಹ ಬಂದಿದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳು ಮಾಡುತ್ತಿದ್ದ ಕೆಲಸವನ್ನು ಇಂದು ಕಾಲೇಜಿನ ವಿದ್ಯಾರ್ಥಿಯೊಬ್ಬ ತನ್ನ ಕಂಪ್ಯೂಟರಿನಲ್ಲಿ ಒಂದು ಪೈಸೆ ಖರ್ಚಿಲ್ಲದೆ ದೊರೆಯುವ ತಂತ್ರಾಂಶದಿಂದ ಮಾಡಬಲ್ಲ. ಇಷ್ಟಾದರೂ ಮಳೆಗಾಲ ಬಂತೆಂದರೆ ಸಹ್ಯಾದ್ರಿಯ ಮಡಿಲಲ್ಲಿ ಊರಿಗೆ ಊರೇ ಮಣ್ಣುಪಾಲಾಗುವುದು ನಿಂತಿಲ್ಲ. ವಿದ್ಯೆ ಎಲ್ಲಿಂದ ಬಂತು, ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವುದು ಆದ್ದರಿಂದ ಅಗತ್ಯ.

ಹಿಂದೆ ಜಾರಿದ್ದೇ ಮುಂದೆಯೂ ಜಾರುತ್ತದೆ

ಗೋಹ್ನಾಕ್ಕೂ ಮುಂಚೆ, 1880ರ ಸೆಪ್ಟೆಂಬರ್ 18ರಂದು, ನೈನಿತಾಲದಲ್ಲಿ ಎಡೆಬಿಡದ ಮಳೆಯ ನಂತರ ಗುಡ್ಡವೊಂದು ಕುಸಿದು 151 ಜನ ಸತ್ತರು. ನೈನಿದೇವಿಯ ಗುಡಿಯೂ ಮಣ್ಣಿನಡಿ ಸೇರಿತು. ಗಮನಿಸಬೇಕಾದ ಸಂಗತಿಯೆಂದರೆ ಅದೇ ಆಲ್ಮಾ ಗುಡ್ಡದಲ್ಲಿ 1866ರಲ್ಲಿಯೂ 1879ರಲ್ಲಿಯೂ ನೆಲ ಜರಿದಿತ್ತು. ಗುಡ್ಡ ಎರಡು ಸಲ ಸೂಚನೆ ಕೊಟ್ಟಿತ್ತು, ಬರೆದಿಟ್ಟುಕೊಂಡು ಓದುವವರಿರಲಿಲ್ಲ. ಅನಾಹುತದ ನಂತರ ಆ ಊರಿನ ಇಳಿಜಾರುಗಳಲ್ಲಿ ಮಳೆನೀರು ಹರಿದುಹೋಗಲು ಚರಂಡಿಗಳ ಜಾಲವನ್ನೇ ಕಟ್ಟಲಾಯಿತು.

ಕುಸಿತದ ನಕ್ಷೆ ಮಾಡುವವರ ಮೊದಲ ಸೂತ್ರ ಇಂಥ ಅನುಭವಗಳಿಂದಲೇ ಹುಟ್ಟಿದ್ದು. ಹಿಂದೆ ಎಂಥ ಜಾಗದಲ್ಲಿ, ಎಂಥ ಕಾರಣಕ್ಕೆ ನೆಲ ಜಾರಿತೋ ಅಂಥ ಜಾಗದಲ್ಲಿ, ಅಂಥ ಕಾರಣ ಕೂಡಿಬಂದಾಗ ಮತ್ತೆ ಜಾರುತ್ತದೆ. ಆದ್ದರಿಂದ ಹಳೆಯ ಕುಸಿತಗಳ ಪಟ್ಟಿಯೇ ಈ ಶಾಸ್ತ್ರದ ಮೂಲ ಬಂಡವಾಳ. ಆದರೆ ಪಟ್ಟಿಯನ್ನು ನೆಲಕ್ಕೆ ಹೊಂದಿಸಬೇಕಾದರೆ ನೆಲದ ಚಿತ್ರ ಬೇಕು. ಗುಡ್ಡ ಎಷ್ಟು ಎತ್ತರ, ಎಷ್ಟು ಕಡಿದು, ನೀರು ಯಾವ ಕಡೆ ಹರಿಯುತ್ತದೆ ಎಂಬುದು ಗೊತ್ತಿರಬೇಕು.

ಬೆಂಗಳೂರಿನಿಂದ ಹೊರಟ ಅಳತೆ

ಈ ನೆಲದ ಚಿತ್ರದ ಕಥೆಗೂ ನಮ್ಮ ನಾಡಿಗೂ ಹಳೆಯ ನಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರಿಗೆ ತಾವು ಗೆದ್ದ ಸೀಮೆಯ ಅಳತೆ ಬೇಕಾಯಿತು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಒಂದು ಆಧಾರರೇಖೆ ಅಳೆದರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆರಂಭವಾಗಿ, ಮುಂದೆ ಹಿಮಾಲಯದವರೆಗೆ ಬೆಳೆದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ಪೂರ್ವಾಭ್ಯಾಸದಂತಿತ್ತು. ಈ ಅಳತೆಗಳ ಮೇಲೆಯೇ ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳು ಸಿದ್ಧವಾದವು. ಸಮಾನ ಎತ್ತರದ ಬಿಂದುಗಳನ್ನು ಜೋಡಿಸುವ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರದೂರ ಇದ್ದರೆ ಬಯಲು ಎಂದು ಓದುವ ಕ್ರಮ ಶಾಲೆಯ ಭೂಗೋಳ ಪಾಠದಲ್ಲಿ ನಮಗೆಲ್ಲ ಪರಿಚಿತ.

ಆದರೆ ನಕ್ಷೆ ಹುಟ್ಟಿದ್ದು ಯುದ್ಧದ ಅಗತ್ಯಕ್ಕೆ. ಆ ಗುಣ ಅದನ್ನು ಬಿಟ್ಟುಹೋಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ದೇಶದ ಗಡಿ ಮತ್ತು ಕರಾವಳಿಯ ಪಟ್ಟಿಗೆ ಸೇರಿದ ಟೋಪೋಶೀಟುಗಳು ದಶಕಗಳ ಕಾಲ ನಿರ್ಬಂಧಿತ ಕಾಗದಗಳಾಗಿಯೇ ಉಳಿದವು. ದುರಂತದ ವಿಚಿತ್ರ ನೋಡಿ: ಗುಡ್ಡ ಕುಸಿಯುವುದು ಹಿಮಾಲಯದ ಗಡಿಯಲ್ಲಿ ಮತ್ತು ಕರಾವಳಿಗೆ ಅಂಟಿದ ಪಶ್ಚಿಮ ಘಟ್ಟದಲ್ಲಿ. ನಕ್ಷೆ ಸುಲಭವಾಗಿ ಸಿಗದಿದ್ದುದೂ ಬಹುಮಟ್ಟಿಗೆ ಅಲ್ಲಿಯೇ! ಘಟ್ಟದ ಊರಿನ ಮೇಷ್ಟರೊಬ್ಬರು ತಮ್ಮ ಶಾಲೆಯ ಹಿಂದಿನ ಗುಡ್ಡದ ಇಳಿಜಾರು ಎಷ್ಟೆಂದು ತಿಳಿಯಬೇಕಾದರೆ ಅರ್ಜಿ ಹಿಡಿದು ಕಚೇರಿ ಅಲೆಯಬೇಕಾಗಿತ್ತು.

ಹತ್ತು ಅಂಕದ ಗುಡ್ಡ

ಒಂದೇ ನಕ್ಷೆಯಿಂದ ಅಪಾಯ ತಿಳಿಯುವುದಿಲ್ಲ. ಇಳಿಜಾರು, ಕಲ್ಲಿನ ಜಾತಿ, ಮಣ್ಣಿನ ದಪ್ಪ, ನೀರಿನ ಹರಿವು, ಕಾಡೋ ತೋಟವೋ ಎಂಬ ವಿವರ, ಇವನ್ನೆಲ್ಲ ಒಟ್ಟಿಗೆ ನೋಡಬೇಕು. ಕಂಪ್ಯೂಟರು ಬರುವ ಮುಂಚೆ ಇದನ್ನು ಟ್ರೇಸಿಂಗ್ ಕಾಗದದಲ್ಲಿ ಮಾಡುತ್ತಿದ್ದರು. ಒಂದೊಂದು ವಿವರಕ್ಕೂ ಒಂದೊಂದು ಪಾರದರ್ಶಕ ಹಾಳೆ. ಹೆಚ್ಚು ಅಪಾಯವಾದಷ್ಟೂ ಗಾಢ ಬಣ್ಣ. ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಎಲ್ಲಿ ಕಪ್ಪಾಗಿ ಕಾಣುತ್ತದೋ ಅಲ್ಲಿ ಕೈಹಾಕಬಾರದು. ಭೂದೃಶ್ಯ ಯೋಜಕ ಇಯಾನ್ ಮೆಕ್‌ಹಾರ್ಗ್ 1969ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ವಿಧಾನ ಲೋಕಪ್ರಸಿದ್ಧವಾಯಿತು. ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ 1960ರ ದಶಕದಲ್ಲಿಯೇ ಇದೇ ಕೆಲಸವನ್ನು ಕಂಪ್ಯೂಟರಿಗೆ ಕಲಿಸತೊಡಗಿದ್ದರು. 1972ರಲ್ಲಿ ಅಮೆರಿಕದ ಭೂವಿಜ್ಞಾನಿಗಳಾದ ಬ್ರಾಬ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇವೊ ಕೌಂಟಿಗೆ ಮಾಡಿದ ಕುಸಿತಸಾಧ್ಯತೆಯ ನಕ್ಷೆ ಈ ಬಗೆಯ ಮೊದಲ ಪ್ರಯತ್ನಗಳಲ್ಲಿ ಒಂದು.

ನಮ್ಮಲ್ಲಿ ಈ ಕೆಲಸಕ್ಕೆ ಒಂದು ಶಿಸ್ತು ತಂದವರು ರೂರ್ಕಿಯ ಆರ್. ಅನ್ಬಳಗನ್. ಅವರು 1992ರಲ್ಲಿ ಪ್ರಕಟಿಸಿದ ಕ್ರಮ ಪರೀಕ್ಷೆಯ ಅಂಕಪಟ್ಟಿಯಂತಿದೆ. ಶಿಲೆಯ ಜಾತಿಗೆ 2 ಅಂಕ, ಶಿಲೆಯ ಪದರ ಮತ್ತು ಬಿರುಕುಗಳ ದಿಕ್ಕಿಗೆ 2, ಇಳಿಜಾರಿಗೆ 2, ನೆಲದ ಬಳಕೆಗೆ 2, ಗುಡ್ಡದ ಸಾಪೇಕ್ಷ ಎತ್ತರಕ್ಕೆ 1, ನೆಲದೊಳಗಿನ ನೀರಿಗೆ 1; ಒಟ್ಟು 10. ಶಾಲೆಯಲ್ಲಿ ಹೆಚ್ಚು ಅಂಕ ಬಂದರೆ ಸಂತೋಷ, ಇಲ್ಲಿ ಆತಂಕ. 3.5ಕ್ಕಿಂತ ಕಡಿಮೆ ಬಂದ ಇಳಿಜಾರು ಅತಿ ಕಡಿಮೆ ಅಪಾಯದ್ದು, 7.5 ದಾಟಿದ್ದು ಅತ್ಯಪಾಯದ್ದು. ಭಾರತೀಯ ಮಾನಕ ಸಂಸ್ಥೆ ಇದೇ ಕ್ರಮವನ್ನು ಆಧರಿಸಿ 1998ರಲ್ಲಿ ಮಾರ್ಗಸೂಚಿಯನ್ನು ಹೊರತಂದಿತು.

ಅದೇ 1998ರ ಆಗಸ್ಟ್ 18ರ ರಾತ್ರಿ ಕೈಲಾಸ ಮಾನಸ ಸರೋವರದ ಹಾದಿಯ ಮಾಲ್ಪಾ ಎಂಬ ಹಳ್ಳಿಯ ಮೇಲೆ ಬೆಟ್ಟ ಉರುಳಿ ಯಾತ್ರಿಕರೂ ಸೇರಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಬೆಂಗಳೂರಿನ ಹೆಸರಘಟ್ಟದ ಬಳಿ ನೃತ್ಯಗ್ರಾಮವನ್ನು ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿ ಅವರಲ್ಲಿ ಒಬ್ಬರು. ಶಾಸ್ತ್ರ ಸಿದ್ಧವಾಗಿದ್ದರೂ ಅದು ಕಣಿವೆ ಕಣಿವೆಗೆ ಮುಟ್ಟುವಷ್ಟು ಕೈಗಳಿರಲಿಲ್ಲ. ಒಂದು ತಾಲ್ಲೂಕಿನ ಇಳಿಜಾರುಗಳನ್ನು ಕೈಯಿಂದ ಅಳೆದು ಅಂಕ ಹಾಕುವುದೆಂದರೆ ತಿಂಗಳುಗಟ್ಟಲೆಯ ಕೆಲಸ. ಕಂಪ್ಯೂಟರಿನಲ್ಲಿ ಮಾಡೋಣವೆಂದರೆ ತಂತ್ರಾಂಶದ ಬೆಲೆ ಸಾಮಾನ್ಯ ಕಾಲೇಜಿನ ಕೈಗೆ ಎಟುಕುತ್ತಿರಲಿಲ್ಲ.

ಸೈನ್ಯದ ಅಂಗಳದಲ್ಲಿ ಬೆಳೆದ ಹುಲ್ಲು

ಈ ಬೀಗ ತೆರೆದದ್ದು, ಆಶ್ಚರ್ಯವೆಂದರೆ, ಒಂದು ಸೈನ್ಯದ ಪ್ರಯೋಗಾಲಯದಿಂದ. ಅಮೆರಿಕದ ಸೈನ್ಯಕ್ಕೆ ತರಬೇತಿಗಾಗಿ ವಿಶಾಲವಾದ ಜಮೀನುಗಳಿವೆ. ಟ್ಯಾಂಕು ಓಡಿಸಿದ ಜಾಗದಲ್ಲಿ ಮಣ್ಣು ಎಷ್ಟು ಕೊಚ್ಚಿಹೋಗುತ್ತದೆ, ಪರಿಸರದ ಕಾನೂನು ಮುರಿಯದೆ ಎಲ್ಲಿ ಏನು ಮಾಡಬಹುದು ಎಂದು ತಿಳಿಯಲು ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿದ್ದ ಸೈನ್ಯದ ಎಂಜಿನಿಯರಿಂಗ್ ಪ್ರಯೋಗಾಲಯ 1982ರಲ್ಲಿ ಒಂದು ತಂತ್ರಾಂಶವನ್ನು ಬರೆಯತೊಡಗಿತು. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಗ್ರಾಸ್', ಎಂದರೆ ಹುಲ್ಲು. ಅಮೆರಿಕದಲ್ಲಿ ಸರ್ಕಾರಿ ನೌಕರರು ಬರೆದದ್ದಕ್ಕೆ ಹಕ್ಕುಸ್ವಾಮ್ಯವಿಲ್ಲ. ಅದು ಸಾರ್ವಜನಿಕ ಸ್ವತ್ತು. ಆದ್ದರಿಂದ ವಿಶ್ವವಿದ್ಯಾಲಯಗಳು ಅದನ್ನು ಪಡೆದು ತಿದ್ದಿ, ಹೊಸದನ್ನು ಸೇರಿಸಿ ಬೆಳೆಸಿದವು. 1990ರ ದಶಕದ ನಡುವೆ ಸೈನ್ಯ ಕೈಬಿಟ್ಟಿತು. ಸಾಮಾನ್ಯವಾಗಿ ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಹುಲ್ಲು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಜರ್ಮನಿಯ ಹ್ಯಾನೋವರಿನಲ್ಲಿದ್ದ ಮಾರ್ಕುಸ್ ನೆಟೆಲರ್ ಎಂಬ ಭೂಗೋಳಶಾಸ್ತ್ರಜ್ಞ ಅದನ್ನು ಕೈಗೆತ್ತಿಕೊಂಡರು. ಇಂಟರ್‌ನೆಟ್ಟಿನ ಮೂಲಕ ದೇಶದೇಶಗಳ ಉತ್ಸಾಹಿಗಳು ಕೂಡಿಕೊಂಡರು. 1999ರಲ್ಲಿ ಅದಕ್ಕೆ ಜಿಪಿಎಲ್ ಎಂಬ ಪರವಾನಗಿ ಅಂಟಿತು.

ಈ ಪರವಾನಗಿಯ ವಿಷಯ ಒಂದು ಮಾತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಆರಂಭಿಸಿದ ಚಳವಳಿಯ ಫಲ ಇದು. ಇಲ್ಲಿ ಮುಖ್ಯವಾದುದು ಪುಕ್ಕಟೆ ಎಂಬುದಲ್ಲ, ಸ್ವತಂತ್ರ ಎಂಬುದು. ಯಾರು ಬೇಕಾದರೂ ತಂತ್ರಾಂಶವನ್ನು ಬಳಸಬಹುದು; ಒಳಗಿನ ಬರಹವನ್ನು ತೆರೆದು ಓದಬಹುದು; ತಿದ್ದಬಹುದು; ಇನ್ನೊಬ್ಬರಿಗೆ ಕೊಡಬಹುದು. ತಿದ್ದಿದ್ದನ್ನು ಹಂಚುವವರು ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಬಿಟ್ಟುಕೊಡಬೇಕು. ಪುಕ್ಕಟೆಯಾಗಿ ಕೊಟ್ಟ ಊಟಕ್ಕೂ ಅಡುಗೆ ಮಾಡುವ ಬಗೆಯನ್ನು ಕಲಿಸಿಕೊಟ್ಟದ್ದಕ್ಕೂ ಇರುವ ವ್ಯತ್ಯಾಸ ಇದು. ಗುಡ್ಡದ ಅಪಾಯದಂಥ ವಿಷಯದಲ್ಲಂತೂ ಇದು ಬಹು ದೊಡ್ಡದು. ನಿಮ್ಮ ಮನೆ ಕೆಂಪು ವಲಯದಲ್ಲಿದೆ ಎಂದು ಒಂದು ಕಂಪ್ಯೂಟರು ಹೇಳಿದರೆ, ಹೇಗೆ ಹೇಳಿತು ಎಂದು ಕೇಳುವ ಹಕ್ಕು ನಿಮಗಿರಬೇಡವೆ?

ಗ್ರಾಸ್ ಬಲಶಾಲಿ, ಆದರೆ ಕಲಿಯುವುದು ಕಷ್ಟ. ಈ ಕೊರತೆಯನ್ನು ತುಂಬಿದ್ದು ಅಲಾಸ್ಕಾದ ಗ್ಯಾರಿ ಶರ್ಮನ್ 2002ರಲ್ಲಿ ಬರೆಯಲು ಆರಂಭಿಸಿದ ಕ್ವಾಂಟಂ ಜಿಐಎಸ್. ನಕ್ಷೆಯ ವಿವರಗಳನ್ನು ಪರದೆಯ ಮೇಲೆ ನೋಡಲು ಒಂದು ಸರಳ ಸಾಧನ ಬೇಕೆಂದು ಅವರು ತೊಡಗಿದ ಕೆಲಸ ಅದು. 2009ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಇಂದು ಕ್ಯೂಜಿಐಎಸ್ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಸರ್ಕಾರಿ ಕಚೇರಿಗಳಲ್ಲಿಯೂ ತರಗತಿಗಳಲ್ಲಿಯೂ ಬಳಕೆಯಲ್ಲಿದೆ. ಗ್ರಾಸಿನ ಲೆಕ್ಕಾಚಾರಗಳನ್ನು ಅದರೊಳಗಿನಿಂದಲೇ ಮಾಡಬಹುದು.

ಎತ್ತರದ ಲೆಕ್ಕ ಆಕಾಶದಿಂದ

ತಂತ್ರಾಂಶವೇನೋ ಬಂತು, ಅದಕ್ಕೆ ಉಣಿಸುವ ಅಂಕಿಗಳೆಲ್ಲಿ? 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳನ್ನು ಚಾಚಿಕೊಂಡು, ಎರಡು ರೇಡಾರ್ ಕಣ್ಣುಗಳಿಂದ ಭೂಮಿಯನ್ನು ನೋಡುತ್ತ ಹನ್ನೊಂದು ದಿನ ಸುತ್ತಿತು. ನಮ್ಮ ಎರಡು ಕಣ್ಣುಗಳು ದೂರ ಅಳೆಯುವಂತೆಯೇ ಅದು ನೆಲದ ಎತ್ತರವನ್ನು ಅಳೆಯಿತು. ಜಗತ್ತಿನ ನೆಲದ ಶೇ. 80ರಷ್ಟು ಭಾಗದ ಎತ್ತರ ಒಂದೇ ಯಾತ್ರೆಯಲ್ಲಿ ದಾಖಲಾಯಿತು. ಮೊದಲು 90 ಮೀಟರಿನ ಚೌಕಗಳಲ್ಲಿ, 2014ರ ನಂತರ 30 ಮೀಟರಿನ ಚೌಕಗಳಲ್ಲಿ ಈ ಅಂಕಿಗಳನ್ನು ಎಲ್ಲರಿಗೂ ಉಚಿತವಾಗಿ ಕೊಡಲಾಯಿತು. ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿದ್ದ ಸಹ್ಯಾದ್ರಿ ಹೀಗೆ ಆಕಾಶದ ಕಡೆಯಿಂದ ಹೊರಬಂದಿತು.

ನಮ್ಮ ಸರ್ಕಾರವೂ ನಿಧಾನವಾಗಿ ಕೈ ಸಡಿಲಿಸಿತು. 2005ರ ರಾಷ್ಟ್ರೀಯ ನಕ್ಷಾ ನೀತಿ ಸೈನ್ಯಕ್ಕೊಂದು, ಸಾರ್ವಜನಿಕರಿಗೊಂದು ಎಂದು ಎರಡು ಸರಣಿಗಳನ್ನು ಮಾಡಿತು. ಅದೇ ವರ್ಷ ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದ ಚಿತ್ರಗಳಿಂದ ತಯಾರಾದ ಎತ್ತರದ ಅಂಕಿಗಳು ಇಸ್ರೋದ 'ಭುವನ್' ತಾಣದಲ್ಲಿ ದೊರೆಯತೊಡಗಿದವು. ನಡುವೆ ಹಿಂದೆಗೆತವೂ ಉಂಟು. 2016ರಲ್ಲಿ ಹೊರಬಂದ ಮಸೂದೆಯ ಕರಡೊಂದು ನಕ್ಷೆ ಮಾಡಲು ಪರವಾನಗಿ ಬೇಕೆಂದೂ ತಪ್ಪಿದರೆ ಕೋಟಿಗಟ್ಟಲೆ ದಂಡವೆಂದೂ ಹೇಳಿತ್ತು. ಅದು ಕಾನೂನಾಗಲಿಲ್ಲ. 2021ರ ಫೆಬ್ರವರಿಯಲ್ಲಿ ಬಂದ ಮಾರ್ಗಸೂಚಿ ಭಾರತೀಯರಿಗೆ ನಕ್ಷೆಗಳ ಮೇಲಿದ್ದ ಹಿಂದಿನ ಕಟ್ಟುಗಳನ್ನು ಬಹುಮಟ್ಟಿಗೆ ಬಿಚ್ಚಿತು.

ಲೆಕ್ಕ ಹೇಗೆ ನಡೆಯುತ್ತದೆ?

ಕೊಡಗು ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 4,100 ಚದರ ಕಿಲೋಮೀಟರ್. 30 ಮೀಟರಿನ ಒಂದು ಚೌಕವೆಂದರೆ ನಮ್ಮ ಅಳತೆಯಲ್ಲಿ ಸುಮಾರು 9 ಗುಂಟೆ. ಇಡೀ ಜಿಲ್ಲೆ ಹೀಗೆ ಸುಮಾರು 45 ಲಕ್ಷ ಚೌಕಗಳಾಗುತ್ತದೆ. ಅಕ್ಕಪಕ್ಕದ ಚೌಕಗಳ ಎತ್ತರವನ್ನು ಹೋಲಿಸಿ ಪ್ರತಿಯೊಂದರ ಇಳಿಜಾರು, ಅದು ಯಾವ ದಿಕ್ಕಿಗೆ ಮುಖ ಮಾಡಿದೆ, ಮೇಲಿನಿಂದ ಎಷ್ಟು ಚೌಕಗಳ ನೀರು ಅದರೊಳಗೆ ಬಂದು ಸೇರುತ್ತದೆ ಎಂಬುದನ್ನು ತಂತ್ರಾಂಶ ಲೆಕ್ಕಹಾಕುತ್ತದೆ. ಅದರ ಮೇಲೆ ಶಿಲೆಯ ನಕ್ಷೆ, ಮಣ್ಣಿನ ನಕ್ಷೆ, ಉಪಗ್ರಹ ಚಿತ್ರದಿಂದ ತೆಗೆದ ಕಾಡು, ತೋಟ, ರಸ್ತೆಗಳ ನಕ್ಷೆ ಇವುಗಳನ್ನು ಹೊದಿಸುತ್ತಾರೆ. ಕೊನೆಗೆ ಹಳೆಯ ಕುಸಿತಗಳ ಪಟ್ಟಿ.

ಈಗ ತಂತ್ರಾಂಶಕ್ಕೆ ಒಂದು ಸರಳ ಪ್ರಶ್ನೆ ಹಾಕಬಹುದು. ಉದಾಹರಣೆಗೆ, 30 ಡಿಗ್ರಿಗಿಂತ ಕಡಿದಾದ ನೆಲ ಒಟ್ಟು ಪ್ರದೇಶದ ಶೇ. 10ರಷ್ಟಿದೆ ಎಂದುಕೊಳ್ಳಿ. ಹಳೆಯ ಕುಸಿತಗಳಲ್ಲಿ ಶೇ. 30ರಷ್ಟು ಅಲ್ಲಿಯೇ ಆಗಿದ್ದರೆ ಆ ಇಳಿಜಾರಿನ ತೂಕ ಮೂರು. ಅಂದರೆ ಸರಾಸರಿಗಿಂತ ಮೂರು ಪಟ್ಟು ಅಪಾಯ. ರಸ್ತೆ ಕಡಿದ ಜಾಗದ ತೂಕವೆಷ್ಟು, ಹೊಳೆಯ ದಂಡೆಯ ತೂಕವೆಷ್ಟು ಎಂದು ಹೀಗೆಯೇ ತೆಗೆದು, ಒಂದೊಂದು ಚೌಕದ ತೂಕಗಳನ್ನೆಲ್ಲ ಕೂಡಿಸಿದರೆ ಅಪಾಯದ ನಕ್ಷೆ ಸಿದ್ಧ. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕುಸಿತಗಳ ಪಟ್ಟಿಯಲ್ಲಿ ಒಂದಿಷ್ಟನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ. ನಕ್ಷೆ ಅವುಗಳನ್ನು ಕೆಂಪಿನಲ್ಲಿ ತೋರಿಸಿದರೆ ನಂಬಬಹುದು; ಹಸಿರಿನಲ್ಲಿ ತೋರಿಸಿದರೆ ಲೆಕ್ಕವನ್ನು ಮತ್ತೆ ಮಾಡಬೇಕು.

ನಮ್ಮ ಗುಡ್ಡಗಳ ಮಾತು

ಕರ್ನಾಟಕದಲ್ಲಿ ಈ ಸ್ವತಂತ್ರ ತಂತ್ರಾಂಶಗಳನ್ನು ಬೇಗನೆ ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಟಿ.ವಿ. ರಾಮಚಂದ್ರ ಮತ್ತು ಅವರ ಬಳಗ ಪ್ರಮುಖರು. 2009ರ ಅಕ್ಟೋಬರಿನ ಆರಂಭದಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಮಹಾಮಳೆಗೆ ಗುಡ್ಡ ಕುಸಿದು ಮನೆಗಳು ಮಣ್ಣಿನಡಿ ಸೇರಿದಾಗ ಈ ಬಳಗ ಕಾರಣಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟಿತು. ಅದರ ಬೆನ್ನಲ್ಲೇ ಉತ್ತರ ಕನ್ನಡ ಮತ್ತು ಕೊಡಗಿನಲ್ಲಿ ಕುಸಿತದ ಸಾಧ್ಯತೆ ಇರುವ ಜಾಗಗಳನ್ನು ಮುಕ್ತ ತಂತ್ರಾಂಶದಿಂದ ಮುಂಗಾಣುವ ಪ್ರಯತ್ನವನ್ನೂ ಪ್ರಕಟಿಸಿತು. ಇವು ಬಂದದ್ದು 2018ಕ್ಕೆ ಬಹಳ ಮುಂಚೆ ಎಂಬುದನ್ನು ನೆನಪಿಡಬೇಕು.

2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಕಾಲೂರು ಮುಂತಾದ ಕಡೆ ಬೆಟ್ಟಗಳು ಕೆಸರಾಗಿ ಹರಿದವು. ಜನ ಅದನ್ನು 'ಜಲಸ್ಫೋಟ' ಎಂದರು. ಆದರೆ ನೆಲದೊಳಗೆ ನೀರಿನ ಬಾಂಬು ಇರುವುದಿಲ್ಲ. ಶತಶತಮಾನಗಳಿಂದ ಕೊಳೆತು ಮಣ್ಣಾದ ಶಿಲೆಯ ದಪ್ಪ ಪದರವೊಂದು ಗಟ್ಟಿ ಬಂಡೆಯ ಮೇಲೆ ಕುಳಿತಿರುತ್ತದೆ. ಎಡೆಬಿಡದ ಮಳೆಯಲ್ಲಿ ಇಳಿದ ನೀರು ಮಣ್ಣಿನ ಕಣಗಳ ನಡುವೆ ತುಂಬಿ, ಅವುಗಳನ್ನು ಒಂದರಿಂದೊಂದು ದೂರ ತಳ್ಳುತ್ತದೆ. ಹಿಡಿತ ತಪ್ಪಿದ ಕ್ಷಣ ಇಡೀ ಪದರ ದೋಸೆ ಹೆಂಚಿನಿಂದ ಜಾರುವಂತೆ ಜಾರುತ್ತದೆ. ರಸ್ತೆಗೋ ಮನೆಗೋ ಹೋಂಸ್ಟೇಗೋ ಬುಡವನ್ನು ಕಡಿದು ನೆಟ್ಟಗೆ ನಿಲ್ಲಿಸಿದ್ದರೆ ಜಾರುವುದು ಇನ್ನೂ ಸುಲಭ. ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಕೊಡಗಿನಲ್ಲಿ ಕಂಡದ್ದೂ ಇಂಥ ಮನುಷ್ಯಕೃತ ಕಡಿತದ ಪಾತ್ರವನ್ನೇ. ಘಟ್ಟದ ಕೆಳಗಿನ ಕರಾವಳಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಒಣಗಿದಾಗ ಕಲ್ಲಿನಂತಿರುವ ಶೇಡಿ ನೀರು ಕುಡಿದರೆ ಬೆಣ್ಣೆಯಾಗುತ್ತದೆ.

ಮುಂದಿನ ವರ್ಷಗಳೂ ಸುಮ್ಮನಿರಲಿಲ್ಲ. 2019ರ ಆಗಸ್ಟಿನಲ್ಲಿ ವಿರಾಜಪೇಟೆಯ ಕಡೆಯ ತೋರ, 2020ರ ಆಗಸ್ಟ್ 6ರಂದು ತಲಕಾವೇರಿಯ ಬ್ರಹ್ಮಗಿರಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರು. ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಜಾರಿ, ರಸ್ತೆಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಲಾರಿಯೊಂದರ ಚಾಲಕನ ದೇಹ ನದಿಯಿಂದ ಹೊರಬಂದದ್ದು ಸೆಪ್ಟೆಂಬರ್ 25ರಂದು, ಎರಡು ತಿಂಗಳ ಮೇಲೆ.

ನಕ್ಷೆ ಹೇಳದ ಮಾತು

ಉಚಿತ ತಂತ್ರಾಂಶ, ಉಚಿತ ಅಂಕಿ ಸಿಕ್ಕಿದ ಮಾತ್ರಕ್ಕೆ ಸರ್ವಜ್ಞರಾದೆವೆಂದು ಭಾವಿಸುವಂತಿಲ್ಲ. 30 ಮೀಟರಿನ ಚೌಕಕ್ಕೆ ಮನೆಯ ಹಿಂದೆ ಹತ್ತು ಅಡಿ ಕಡಿದ ಧರೆ ಕಾಣಿಸುವುದೇ ಇಲ್ಲ. 50,000ಕ್ಕೆ ಒಂದರ ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ 50 ಮೀಟರ್. ಇಡೀ ಮನೆ ಅಲ್ಲಿ ಒಂದು ಚುಕ್ಕೆಗೂ ಕಡಿಮೆ. ಅಂಥ ನಕ್ಷೆ ಯಾವ ಗುಡ್ಡದ ಕಡೆ ಗಮನ ಕೊಡಬೇಕೆಂದು ಹೇಳಬಲ್ಲದೇ ಹೊರತು ಯಾವ ಮನೆಯೆಂದು ಹೇಳಲಾರದು. ಎಲ್ಲಿ ಎಂಬುದನ್ನು ಅದು ಹೇಳುತ್ತದೆ, ಯಾವಾಗ ಎಂಬುದನ್ನಲ್ಲ. ಯಾವಾಗ ಎಂದು ತಿಳಿಯಲು ಮಳೆಮಾಪಕ ಬೇಕು.

ಇನ್ನೊಂದು ಪಾಠವನ್ನು ವಯನಾಡು ಕಲಿಸಿತು. 2024ರ ಜುಲೈ 30ರ ಬೆಳಗಿನ ಜಾವ ಸುಮಾರು 1,550 ಮೀಟರ್ ಎತ್ತರದಲ್ಲಿ ಕಳಚಿದ ಬೆಟ್ಟ ಎಂಟು ಕಿಲೋಮೀಟರಿನಷ್ಟು ದೂರ ಹರಿದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಅಳಿಸಿಹಾಕಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನ ಮಲಗಿದ್ದದ್ದು ಕಡಿದಾದ ಗುಡ್ಡದಲ್ಲಲ್ಲ, ಹೊಳೆಯ ಬದಿಯ ಇಳುಕಲಿನಲ್ಲಿ. ನೆಲ ಎಲ್ಲಿ ಕಳಚುತ್ತದೆ ಎಂಬುದರ ಜೊತೆಗೆ, ಕಳಚಿದ್ದು ಎಲ್ಲಿಯವರೆಗೆ ಹರಿಯುತ್ತದೆ ಎಂಬ ನಕ್ಷೆಯೂ ಬೇಕು. ಗೋಹ್ನಾದ ಕಂಬಗಳು ತೋರಿಸಿದ್ದು ಈ ಎರಡನೆಯದನ್ನೇ. ಅಲ್ಲಿಯೂ ಗುಡ್ಡ ಮೊದಲೇ ಸೂಚನೆ ಕೊಟ್ಟಿತ್ತು. ಹೊಸ ಕುಸಿತದ ಜಾಗದಲ್ಲಿಯೇ ಹಳೆಯ ಕುಸಿತವೊಂದರ ಗುರುತಿತ್ತೆಂದು ಉಪಗ್ರಹ ಚಿತ್ರಗಳು ತೋರಿಸಿದವು. ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಸಣ್ಣ ಸಂಸ್ಥೆ ಹಳ್ಳಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳನ್ನು ಹರಡಿ ದಿನದಿನದ ಲೆಕ್ಕ ಇಡುತ್ತಿತ್ತು. ಕುಸಿತಕ್ಕೆ ಮುಂಚಿನ 48 ಗಂಟೆಗಳಲ್ಲಿ 572 ಮಿ.ಮೀ. ಮಳೆ ಬಿದ್ದದ್ದು ಆ ಲೆಕ್ಕದಿಂದ ಗೊತ್ತಾಗಿತ್ತು. ಎಲ್ಲಿ ಎಂಬುದೂ ಯಾವಾಗ ಎಂಬುದೂ ಹೀಗೆ ಬಿಡಿಬಿಡಿಯಾಗಿ ತಿಳಿದಿದ್ದ ವಿಷಯಗಳೇ. ಎರಡನ್ನೂ ಕೂಡಿಸಿ, ಮಲಗಿದ್ದವರನ್ನು ಎಬ್ಬಿಸುವ ಕೈ ಮಾತ್ರ ಇರಲಿಲ್ಲ.

ಸರ್ಕಾರ ಸುಮ್ಮನೆ ಕುಳಿತಿದೆ ಎನ್ನುವಂತಿಲ್ಲ. ದೇಶದ ಸುಮಾರು 4.2 ಲಕ್ಷ ಚದರ ಕಿಲೋಮೀಟರ್ ಗುಡ್ಡಗಾಡಿನ ಕುಸಿತಸಾಧ್ಯತೆಯನ್ನು ಗುರುತಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 2014ರಲ್ಲಿ ಆರಂಭಿಸಿತು. ಆ ನಕ್ಷೆಗಳು 'ಭೂಕೋಶ್' ತಾಣದಲ್ಲಿ ಯಾರಿಗಾದರೂ ಸಿಗುತ್ತವೆ. ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ಪ್ರಕಟಿಸಿದ ಅಟ್ಲಾಸಿನಲ್ಲಿ 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳ ಆಧಾರವಿದೆ. ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರದ ಉದ್ಘಾಟನೆಯಾದದ್ದು 2024ರ ಜುಲೈ 19ರಂದು. ಶಿರೂರಿನ ಮೂರು ದಿನದ ನಂತರ, ವಯನಾಡಿನ ಹನ್ನೊಂದು ದಿನ ಮುಂಚೆ.

ನಕ್ಷೆ ಯಾರ ಮುಂದೆ ಬಿಚ್ಚಬೇಕು?

ಇಲ್ಲಿಯೇ ನಿಜವಾದ ಪ್ರಶ್ನೆ ಇರುವುದು. ಪಶ್ಚಿಮ ಘಟ್ಟದ ಕುರಿತ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಇಡೀ ಘಟ್ಟವನ್ನು ಚೌಕಗಳಾಗಿ ವಿಂಗಡಿಸಿ, ಅಂಕ ಹಾಕಿ, ಮೂರು ವಲಯಗಳನ್ನು ಗುರುತಿಸಿತು. ಕೊನೆಯ ಗೆರೆಯನ್ನು ಎಳೆಯುವ ಮುನ್ನ ಗ್ರಾಮಸಭೆಗಳನ್ನು ಕೇಳಬೇಕೆಂದಿತು. 2013ರ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರಗಳಿಂದ ಘಟ್ಟದ ಶೇ. 37ರಷ್ಟನ್ನು ಸೂಕ್ಷ್ಮ ಪ್ರದೇಶವೆಂದು ಹೇಳಿತು. ಮಲೆನಾಡಿನ ಜನರಿಗೆ ತಲುಪಿದ್ದು ಮಾತ್ರ ಹಳ್ಳಿಗಳ ಹೆಸರಿನ ಪಟ್ಟಿ. ತಮ್ಮ ಹಳ್ಳಿ ಏಕೆ ಸೇರಿತು ಎಂಬ ಲೆಕ್ಕವಲ್ಲ. ಕಾರಣ ತಿಳಿಯದ ಗೆರೆಯನ್ನು ಜನ ನಂಬುವುದಾದರೂ ಹೇಗೆ? ಪಟ್ಟಿ ಭಯ ಹುಟ್ಟಿಸಿತು, ಭಯ ರಾಜಕೀಯವಾಯಿತು, ಗುಡ್ಡದ ಮಾತು ಹಿಂದೆ ಬಿತ್ತು.

ಕೆಂಪು ಬಣ್ಣ ಬಳಿದರೆ ಜಮೀನಿನ ಬೆಲೆ ಬೀಳುತ್ತದೆ, ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಬಳಿಯದಿದ್ದರೆ ಅದೇ ಜಮೀನಿನಲ್ಲಿ ಮನೆ ಏಳುತ್ತದೆ. ಈ ಇಕ್ಕಟ್ಟಿನಿಂದ ಹೊರಬರುವ ದಾರಿ ನಕ್ಷೆಯನ್ನು ಮುಚ್ಚಿಡುವುದಲ್ಲ, ಹಂಚಿಕೊಂಡು ತಿದ್ದುವುದು. ಯಾವ ಧರೆ ಯಾವ ವರ್ಷ ಜರಿಯಿತು, ಯಾವ ಒರತೆ ಹಠಾತ್ತನೆ ಕದಡಿ ಹರಿಯಿತು, ಯಾವ ಮರ ವಾಲಿತು ಎಂಬುದು ತೋಟದ ಕೂಲಿಗೆ ಗೊತ್ತಿರುವಷ್ಟು ಉಪಗ್ರಹಕ್ಕೆ ಗೊತ್ತಿಲ್ಲ. ಆ ತಿಳಿವಳಿಕೆ ಕುಸಿತಗಳ ಪಟ್ಟಿಗೆ ಸೇರಿದರೆ 45 ಲಕ್ಷ ಚೌಕಗಳ ಲೆಕ್ಕ ಅಷ್ಟರಮಟ್ಟಿಗೆ ನಿಜಕ್ಕೆ ಹತ್ತಿರವಾಗುತ್ತದೆ. ಸ್ವತಂತ್ರ ತಂತ್ರಾಂಶದಿಂದ ಇದು ಸಾಧ್ಯ. ತಾಲ್ಲೂಕಿನ ಕಾಲೇಜಿನಲ್ಲಿ ನಕ್ಷೆ ಮಾಡಬಹುದು, ಪಂಚಾಯಿತಿಯಲ್ಲಿ ಕನ್ನಡದಲ್ಲಿ ಓದಬಹುದು, ತಪ್ಪಿದ್ದರೆ ಬೆರಳಿಟ್ಟು ತೋರಿಸಬಹುದು. ಭೂಪರಿವರ್ತನೆಯ ಅರ್ಜಿಯ ಜೊತೆ ಆ ಚೌಕದ ಅಂಕವನ್ನೂ ಲಗತ್ತಿಸಬೇಕೆಂದು ಕೇಳಬಹುದು.

ಒಂದು ಕಾಲಕ್ಕೆ ಬೀಗದೊಳಗಿದ್ದ ನಕ್ಷೆ ಹೊರಬಂದಿದೆ. ಅದನ್ನು ಮಾಡುವ ಯಂತ್ರವೂ ಬಿಡುಗಡೆಯಾಗಿದೆ. ಇನ್ನು ಉಳಿದಿರುವುದು ಗುಡ್ಡದ ಕೆಳಗೆ ಮನೆ ಇರುವವನಿಗೆ ಅದು ತಲುಪುವುದು. ಮುಂದಿನ ಮಳೆಗಾಲಕ್ಕೆ ಮುಂಚೆ ತಲುಪಿದರೆ ಲೇಸು.